ಪರೀಕ್ಷೆ ಮಗುವಿನದು, ಮನೆ ಎಲ್ಲರದು

(ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ, ಹತ್ತನೇ ತರಗತಿ ಮಕ್ಕಳ ಪೋಷಕರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಹತ್ತನೇ ತರಗತಿಯ ಮಕ್ಕಳನ್ನು ಈ ಒಂದು ವರ್ಷ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಮನಶ್ಶಾಸ್ತ್ರ ಓದಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರನಾದವನು. ಮಕ್ಕಳನ್ನು ಸಾಕಿದ ಅನುಭವವೂ ನನಗಿಲ್ಲ. ಈ ಸಭೆಯಲ್ಲಿರುವ ಬಹುತೇಕರಿಗಿಂತ ವಯಸ್ಸಿನಲ್ಲಿ ಚಿಕ್ಕವನು. ಆದರೆ ಫಲಿತಾಂಶದ ದಿನ ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ತಿರುಗುವುದು ನಮ್ಮ ವೃತ್ತಿಯ ಭಾಗ. ಮಗಳ ಬಾಯಿಗೆ ಪೇಡ ಇಡುತ್ತಿರುವ ತಂದೆ ತಾಯಿಯ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅದೇ ಬೀದಿಯಲ್ಲಿ ಬೆಳಿಗ್ಗೆಯಿಂದ ಬಾಗಿಲು ತೆರೆಯದ ಇನ್ನೊಂದು ಮನೆ ಇರುತ್ತದೆ. ಅದರ ಫೋಟೊ ಬರುವುದಿಲ್ಲ. ಆ ಎರಡೂ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತೇನೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಎಸ್ಸೆಸ್ಸೆಲ್ಸಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಭಯ ಬಹಳ ಹಳೆಯದು. ಪರೀಕ್ಷೆ ಬದಲಾಗಿದೆ; ಭಯ ಮಾತ್ರ ಹಾಗೇ ಉಳಿದಿದೆ. ಆ ಭಯದಿಂದಾಗಿ ನಾವು ಮನೆಯನ್ನು ಇನ್ನೊಂದು ಶಾಲೆಯಾಗಿ, ತಂದೆ ತಾಯಿಯನ್ನು ಇನ್ನಿಬ್ಬರು ಮೇಷ್ಟ್ರುಗಳಾಗಿ ಮಾಡಿಬಿಡುತ್ತೇವೆ. ಮಗುವಿಗೆ ಶಾಲೆ ಒಂದು ಈಗಾಗಲೇ ಇದೆ. ಅದಕ್ಕೆ ಬೇಕಾದದ್ದು ಮನೆ.

ಭಯದ ಹುಟ್ಟು

ಈ ಭಯ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಅಲ್ಲಿಗೆ ಸೇರಲು ಯಾರು ಅರ್ಹರು ಎಂದು ತೀರ್ಮಾನಿಸಲು ಒಂದು ಪರೀಕ್ಷೆ ಬೇಕಾಯಿತು. ಅದೇ ಮೆಟ್ರಿಕ್ಯುಲೇಷನ್. ಅಂದರೆ ಶಾಲೆಯ ಕೊನೆಯ ಪರೀಕ್ಷೆ ನಮ್ಮ ದೇಶದಲ್ಲಿ ಹುಟ್ಟಿದ್ದೇ ಬಾಗಿಲಲ್ಲಿ ನಿಂತು ಸೋಸುವ ಜರಡಿಯಾಗಿ. ಮಗು ಏನು ಕಲಿತಿದೆ ಎಂದು ತಿಳಿಯುವುದು ಅದರ ಮೊದಲ ಉದ್ದೇಶವಾಗಿರಲಿಲ್ಲ. ಕ್ರಮೇಣ ಸರ್ಕಾರಿ ಕಚೇರಿಗಳೂ ಗುಮಾಸ್ತೆ ಕೆಲಸಕ್ಕೆ ಅದೇ ಜರಡಿಯನ್ನು ಬಳಸತೊಡಗಿದವು. ಮೆಟ್ರಿಕ್ ಪಾಸಾದವನಿಗೆ ಸಂಬಳ, ನಪಾಸಾದವನಿಗೆ ಮತ್ತೆ ಹೊಲ ಎಂಬ ಲೆಕ್ಕ ಮನೆಮನೆಗೆ ತಲುಪಿತು.

ಮುಂಬಯಿ ವಿಶ್ವವಿದ್ಯಾಲಯದ ಆ ಪರೀಕ್ಷೆಗೆ 1887ರಲ್ಲಿ ರಾಜಕೋಟೆಯ ಹುಡುಗನೊಬ್ಬ ಕುಳಿತ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಪರೀಕ್ಷೆ ಬರೆಯಲು ಅಹಮದಾಬಾದಿಗೆ ಜೊತೆಗಾರರಿಲ್ಲದೆ ಹೋದ. ಇಂಗ್ಲಿಷಿನಲ್ಲಿ 200ಕ್ಕೆ 89, ಗುಜರಾತಿಯಲ್ಲಿ 100ಕ್ಕೆ 45½, ಗಣಿತದಲ್ಲಿ 175ಕ್ಕೆ 59, ಸಾಮಾನ್ಯ ಜ್ಞಾನದಲ್ಲಿ 150ಕ್ಕೆ 54 ಬಂತು. ಒಟ್ಟು 625ಕ್ಕೆ 247½. ಆ ಹುಡುಗ ಮೋಹನದಾಸ ಕರಮಚಂದ ಗಾಂಧಿ. ನಮ್ಮ ಇಂದಿನ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕವೂ 625 ಆಗಿರುವುದು ಕೇವಲ ಕಾಕತಾಳೀಯ. ಕಡಿಮೆ ಅಂಕ ತೆಗೆದವರೆಲ್ಲ ಮಹಾತ್ಮರಾಗುತ್ತಾರೆ ಎಂದು ಹೇಳಲು ನಾನು ಈ ಲೆಕ್ಕ ಒಪ್ಪಿಸುತ್ತಿಲ್ಲ. ಆ ಅಂಕಪಟ್ಟಿಯನ್ನು ನೋಡಿ ಮುಂದಿನ ಬದುಕನ್ನು ಊಹಿಸಲು ಯಾರಿಗೂ ಸಾಧ್ಯವಿರಲಿಲ್ಲ ಎಂಬುದಷ್ಟೇ ನನ್ನ ಮಾತು.

20ನೇ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಮೆಟ್ರಿಕ್ಯುಲೇಷನ್ನಿನ ಜಾಗಕ್ಕೆ ಎಸ್ಸೆಸ್ಸೆಲ್ಸಿ ಬಂತು. ಆ ಹೆಸರನ್ನು ಬಿಡಿಸಿ ನೋಡಿದರೆ ‘ಪ್ರೌಢಶಾಲೆ ಬಿಡುವವರಿಗೆ ಕೊಡುವ ಪತ್ರ’ ಎಂದಷ್ಟೇ ಅರ್ಥ. 1956ರವರೆಗೆ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಪರೀಕ್ಷೆಗಳೂ ಹಾಗೆಯೇ ಬೇರೆಬೇರೆ. ಧಾರವಾಡ, ವಿಜಯಪುರದ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ‘ಮೆಟ್ರಿಕ್’ ಎಂಬ ಮಾತು ಕೇಳಿಬರುವುದು ಇದರಿಂದಲೇ. ಏಕೀಕರಣದ ನಂತರ, 1966ರಲ್ಲಿ, ರಾಜ್ಯಕ್ಕೊಂದು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಬಂತು. 2022ರಲ್ಲಿ ಪಿಯುಸಿ ಪರೀಕ್ಷೆಯೂ ಸೇರಿ ಅದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯಾಯಿತು.

ನಿಮ್ಮ ತಂದೆಯವರ ಕಾಲವನ್ನು ನೆನಪಿಸಿಕೊಳ್ಳಿ. ಆಗ ಫಲಿತಾಂಶ ಬರುತ್ತಿದ್ದುದು ಪತ್ರಿಕೆಯಲ್ಲಿ. ಸಣ್ಣ ಅಕ್ಷರಗಳಲ್ಲಿ ಸಾಲುಸಾಲು ರಿಜಿಸ್ಟರ್ ನಂಬರು. ನಂಬರು ಇದ್ದರೆ ಪಾಸು, ಇಲ್ಲದಿದ್ದರೆ ಫೇಲು. ಊರಿಗೆ ಬರುವ ಒಂದೋ ಎರಡೋ ಪ್ರತಿಗಳ ಸುತ್ತ ಜನ ಮುಗಿಬೀಳುತ್ತಿದ್ದರು. ಮನೆಯ ಸೋಲು ಗೆಲುವು ಹೋಟೆಲಿನ ಮೇಜಿನ ಮೇಲೆ, ಎಲ್ಲರ ಎದುರಿಗೆ ಗೊತ್ತಾಗುತ್ತಿತ್ತು. ಫೇಲಾದರೆ ಮುಂದಿನ ಪರೀಕ್ಷೆಗೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಕಾಲೇಜು ಶುರುವಾಗಿ ಒಂದು ವರ್ಷ ಹೋಯಿತೆಂದೇ ಲೆಕ್ಕ. ಆ ವರ್ಷ ಹೋದ ಎಷ್ಟೋ ಹುಡುಗಿಯರಿಗೆ ಮದುವೆಯಾಯಿತು, ಎಷ್ಟೋ ಹುಡುಗರು ಅಂಗಡಿಗೋ ಗದ್ದೆಗೋ ಹೋದರು. ಹೀಗಾಗಿ ಆ ಕಾಲದ ಭಯಕ್ಕೆ ಕಾರಣವಿತ್ತು. ಆ ಭಯವನ್ನು ಅನುಭವಿಸಿದವರೇ ನಿಮ್ಮನ್ನು ಬೆಳೆಸಿದರು. ಈಗ ನೀವು ಮಕ್ಕಳನ್ನು ಬೆಳೆಸುತ್ತಿದ್ದೀರಿ.

ಇಂದಿನ ಪರೀಕ್ಷೆ

ಇನ್ನು ಇಂದಿನ ಪರೀಕ್ಷೆಗೆ ಬರೋಣ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಇದರಲ್ಲಿ ಪ್ರಥಮ ಭಾಷೆಯ 25 ಮತ್ತು ಉಳಿದ ವಿಷಯಗಳ ತಲಾ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಅಂದರೆ 125 ಅಂಕಗಳು ವರ್ಷವಿಡೀ ತರಗತಿಯಲ್ಲಿ ಮಾಡುವ ಕೆಲಸಕ್ಕೆ ಸೇರಿದವು. ಮಗು ನಿತ್ಯ ಶಾಲೆಗೆ ಹೋಗಿ ಕೊಟ್ಟ ಕೆಲಸ ಮುಗಿಸಿದರೆ ಮಾರ್ಚ್ ತಿಂಗಳಿಗೆ ಮೊದಲೇ ಒಂದಷ್ಟು ಭಾರ ಇಳಿದಿರುತ್ತದೆ.

ಎರಡನೆಯದಾಗಿ, ಒಂದೇ ಸಲ ಎಂಬ ನಿಯಮ ಹೋಗಿದೆ. 2024ರಲ್ಲಿ ರಾಜ್ಯದಲ್ಲಿ ಒಂದೇ ವರ್ಷ ಮೂರು ಪರೀಕ್ಷೆಗಳ ಪದ್ಧತಿ ಬಂತು. 2025ರಲ್ಲೂ ಮೂರು ನಡೆದವು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಈ ವರ್ಷ ಎಷ್ಟು ಪರೀಕ್ಷೆ, ಯಾವ ದಿನಾಂಕ ಎಂಬುದನ್ನು ಶಾಲೆಯ ಸೂಚನಾಫಲಕದಲ್ಲಿ ನೋಡಿಕೊಂಡು ಹೋಗಿ. ತೇರ್ಗಡೆಯ ಮಿತಿಯನ್ನು ಒಟ್ಟಾರೆ ಶೇ 35ರಿಂದ ಶೇ 33ಕ್ಕೆ, ಅಂದರೆ 625ಕ್ಕೆ 206ಕ್ಕೆ ಇಳಿಸುವುದಾಗಿಯೂ, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕೆಂದೂ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಕೋವಿಡ್ ಕಾಲದಲ್ಲಂತೂ, 2021ರ ಜುಲೈನಲ್ಲಿ, ಆರು ವಿಷಯಗಳ ಪರೀಕ್ಷೆ ಎರಡೇ ದಿನದಲ್ಲಿ, ಸರಿಯುತ್ತರ ಆರಿಸುವ ಪ್ರಶ್ನೆಗಳಲ್ಲಿ ಮುಗಿಯಿತು. ಪರೀಕ್ಷೆಯ ನಿಯಮ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗೆಂದು ಪರೀಕ್ಷೆ ಸುಲಭವಾಯಿತು ಎಂದು ಭಾವಿಸಬಾರದು. 2025ರ ಮೊದಲ ಪರೀಕ್ಷೆ ಬರೆದ ಸುಮಾರು 8.42 ಲಕ್ಷ ಮಂದಿಯಲ್ಲಿ ಪಾಸಾದವರು 5.25 ಲಕ್ಷದಷ್ಟು. ಮೂರು ಲಕ್ಷಕ್ಕೂ ಹೆಚ್ಚು ಮಂದಿಗೆ ಆ ಸಲ ಆಗಲಿಲ್ಲ. ಜಿಲ್ಲಾವಾರು ನೋಡಿದರೆ ದಕ್ಷಿಣ ಕನ್ನಡಕ್ಕೆ ಶೇ 91.12, ಕಲಬುರಗಿಗೆ ಶೇ 42.43. ಕಲಬುರಗಿಯ ಮಕ್ಕಳ ತಲೆ ಮಂಗಳೂರಿನ ಮಕ್ಕಳ ತಲೆಯ ಅರ್ಧದಷ್ಟೇ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಶಾಲೆ, ಮೇಷ್ಟ್ರು, ಬಸ್ಸು, ಮನೆಯ ಆದಾಯ, ತಂದೆ ತಾಯಿ ದುಡಿಯಲು ಊರು ಬಿಟ್ಟು ಹೋಗಿದ್ದಾರೆಯೇ ಇಲ್ಲವೇ, ಇವೆಲ್ಲವೂ ಸೇರಿ ಅಂಕವಾಗುತ್ತವೆ. ಜಿಲ್ಲೆಗಳ ವಿಷಯದಲ್ಲಿ ನಾವು ಒಪ್ಪುವ ಈ ಮಾತನ್ನು ನಮ್ಮ ಮಗುವಿನ ವಿಷಯದಲ್ಲಿ ಮಾತ್ರ ಮರೆಯುತ್ತೇವೆ. ಅಂಕ ಕಡಿಮೆಯಾದ ಕೂಡಲೇ ‘ನಿನಗೆ ಶ್ರದ್ಧೆಯಿಲ್ಲ’ ಎಂದುಬಿಡುತ್ತೇವೆ.

ಒಪ್ಪಿಸುವ ಪಾಠ

ಈ ಸಭೆ ಶುರುವಾಗುವ ಮುನ್ನ, ಹೊರಗೆ ಜಗಲಿಯಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು: ‘ಏನಪ್ಪಾ, ನಂಗೆ ಒಂದಕ್ಷರ ಓದಕ್ಕೆ ಬರಲ್ಲ. ಮಗಳಿಗೆ ನಾನೇನು ಹೇಳ್ಕೊಡ್ಲಿ?’ ಈ ಸಭೆಯ ಅತಿ ಮುಖ್ಯ ಪ್ರಶ್ನೆ ಇದೇ ಎಂದು ನನಗನ್ನಿಸಿತು. ಅದಕ್ಕೆ ಉತ್ತರ ನಮ್ಮ ಭಾಷೆಯಲ್ಲೇ ಇದೆ.

ಹಿಂದೆ ನಮ್ಮ ಊರುಗಳಲ್ಲಿ ಕೂಲಿಮಠಗಳಿದ್ದವು. ಒಬ್ಬರೇ ಐಗಳು, ಮರಳಿನ ಮೇಲೆ ಅಕ್ಷರ, ಬಾಯಲ್ಲಿ ಮಗ್ಗಿ. ಐಗಳ ಬೆತ್ತದ ಬಗ್ಗೆ ಒಳ್ಳೆಯ ಮಾತು ಹೇಳಲಾರೆ. ಆದರೆ ಅಲ್ಲಿ ಒಂದು ಕ್ರಮವಿತ್ತು: ಕಲಿತದ್ದನ್ನು ಒಪ್ಪಿಸುವುದು. ನಿನ್ನೆಯ ಪಾಠವನ್ನು ಇಂದು ಪುಸ್ತಕ ನೋಡದೆ ಹೇಳಬೇಕು. ‘ಪಾಠ ಒಪ್ಪಿಸು’ ಎಂಬ ಮಾತು ಅಲ್ಲಿಂದ ಇಲ್ಲಿಯವರೆಗೆ ಬಂದಿದೆ.

ಇದರ ಹಿಂದಿನ ಸತ್ಯವನ್ನು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಯೋಗದ ಮೂಲಕ ತೋರಿಸಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಎರಡನೆಯ ಸಲ ಓದಿದರು. ಇನ್ನು ಕೆಲವರು ಪುಟ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಿರುಗಿತು. ಮತ್ತೆ ಓದಿದವರಿಗೆ ಶೇ 42ರಷ್ಟು ನೆನಪಿತ್ತು, ಪುಟ ಮುಚ್ಚಿ ನೆನಪಿಸಿಕೊಂಡವರಿಗೆ ಶೇ 56ರಷ್ಟು. ಪುಸ್ತಕ ಹಿಡಿದು ಕುಳಿತ ಮಗುವನ್ನು ನೋಡಿ ನಮಗೆ ಸಮಾಧಾನವಾಗುತ್ತದೆ. ಆದರೆ ಪಾಠ ತಲೆಯಲ್ಲಿ ನಿಲ್ಲುವುದು ಪುಸ್ತಕ ಮುಚ್ಚಿದಾಗ.

ಹಾಗಾಗಿ ಅಮ್ಮಾ, ಓದು ಬಾರದ ನೀವು ಮಾಡಬಹುದಾದದ್ದು ಇದು. ರಾತ್ರಿ ರೊಟ್ಟಿ ತಟ್ಟುವಾಗ ಮಗಳನ್ನು ಹತ್ತಿರ ಕೂರಿಸಿಕೊಂಡು, ‘ಇವತ್ತು ಮೇಷ್ಟ್ರು ಏನು ಹೇಳಿಕೊಟ್ಟರು, ನಂಗೂ ತಿಳಿಯೋ ಹಾಗೆ ಹೇಳು’ ಎನ್ನಿ. ಹೃದಯಕ್ಕೆ ಎಷ್ಟು ಕೋಣೆ, ಮಳೆ ಎಲ್ಲಿಂದ ಬರುತ್ತದೆ, ಬಡ್ಡಿ ಲೆಕ್ಕ ಹೇಗೆ ಎಂದು ಅವಳು ಹೇಳಲಿ. ನಿಮಗೆ ತಿಳಿಯದ ಕಡೆ ‘ಅದು ಹೆಂಗೆ?’ ಎಂದು ಕೇಳಿ. ಅವಳು ತಡವರಿಸಿದ ಜಾಗವೇ ಅವಳು ಮತ್ತೆ ಓದಬೇಕಾದ ಜಾಗ. ಇದಕ್ಕೆ ಟ್ಯೂಷನ್ ಫೀಸು ಬೇಡ. ಗೊತ್ತಿಲ್ಲದವರಿಗೆ ಹೇಳಿಕೊಡುವಾಗ ತನಗೇ ತಿಳಿಯುತ್ತದೆ ಎಂಬುದು ಇಲ್ಲಿರುವ ಮೇಷ್ಟ್ರುಗಳಿಗೆಲ್ಲ ಅನುಭವದ ಮಾತು.

ನಿದ್ದೆ, ಕೆಲಸ, ಮೊಬೈಲು

ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ರಾತ್ರಿ ಎಂಟೂವರೆಗೆ ದೀಪ ಆರಿಸುತ್ತಿದ್ದ ಮನೆಗೆ ಅದು ಸರಿ. ರಾತ್ರಿ ಹನ್ನೆರಡಕ್ಕೆ ಮಲಗಿದ ಹುಡುಗನನ್ನು ನಾಲ್ಕಕ್ಕೆ ಎಬ್ಬಿಸಿದರೆ ಅವನು ಪುಸ್ತಕದ ಮೇಲೆ ತೂಕಡಿಸುತ್ತಾನೆ, ಅಷ್ಟೇ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರ ಸ್ವಲ್ಪ ಮುಂದಕ್ಕೆ ಸರಿಯುವುದರಿಂದ ರಾತ್ರಿ ನಿದ್ದೆ ತಡವಾಗಿ ಬರುತ್ತದೆ. ಬೆಳಿಗ್ಗೆ ಏಳುವುದು ಕಷ್ಟವಾಗುತ್ತದೆ. ಅದನ್ನು ಸೋಮಾರಿತನ ಎನ್ನಬೇಡಿ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಿದ್ದೆ ಕದ್ದು ಓದಿಸುವುದೆಂದರೆ ಬಿತ್ತಿದ ಬೀಜವನ್ನು ಕೆದಕಿ ಮತ್ತೆ ಬಿತ್ತಿದ ಹಾಗೆ.

ಎರಡನೆಯ ಮಾತು ಹೆಣ್ಣುಮಕ್ಕಳ ಕುರಿತು. ಅನೇಕ ಮನೆಗಳಲ್ಲಿ ಅಣ್ಣ ಹತ್ತನೇ ತರಗತಿಗೆ ಬಂದಾಗ ಮನೆಯವರೆಲ್ಲ ಕಾಲ ತುದಿಯಲ್ಲಿ ನಡೆಯುತ್ತಾರೆ. ಅದೇ ಮನೆಯಲ್ಲಿ ತಂಗಿ ಹತ್ತಕ್ಕೆ ಬಂದಾಗ ಅವಳು ನೀರು ತುಂಬಿಸಿ, ಪಾತ್ರೆ ತೊಳೆದು, ಉಳಿದ ಹೊತ್ತಿನಲ್ಲಿ ಓದಬೇಕು. ಮಕ್ಕಳು ಮನೆಗೆಲಸ ಮಾಡಬಾರದು ಎಂದು ನಾನು ಹೇಳುವುದಿಲ್ಲ. ಇಬ್ಬರಿಗೂ ಒಂದೇ ಅಳತೆ ಇರಲಿ. ಈ ವರ್ಷ ಮಗಳ ಪಾಲಿನ ಕೆಲಸದಲ್ಲಿ ಒಂದು ಗಂಟೆಯನ್ನು ತಂದೆಯೋ ಅಣ್ಣನೋ ತಮ್ಮನೋ ವಹಿಸಿಕೊಂಡರೆ ಅದು ಅವಳಿಗೆ ನೀವು ಕೊಡಬಹುದಾದ ಅತಿ ದೊಡ್ಡ ಗೈಡು.

ಮೊಬೈಲಿನ ಮಾತು ಎತ್ತದೆ ಇಂದು ಯಾವ ಸಭೆಯೂ ಮುಗಿಯುವುದಿಲ್ಲ. ಅದನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಕಳ್ಳಾಟ ಕಲಿಸಿದಂತಾಗುತ್ತದೆ. ಪಾಠದ ವಿಡಿಯೊ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಈಗ ಅದರಲ್ಲೇ ಇವೆ. ರಾತ್ರಿ ಒಂಬತ್ತಾದ ಮೇಲೆ ಮನೆಯ ಎಲ್ಲರ ಮೊಬೈಲೂ ಒಂದೇ ಗೂಡಿನಲ್ಲಿ ಇರಲಿ, ಅಪ್ಪನದೂ ಸೇರಿ. ಅಪ್ಪ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತ ಮಗನಿಗೆ ‘ಓದೋ’ ಎಂದರೆ ಮಗ ಆ ಮಾತಿಗೆ ಕೊಡುವ ಬೆಲೆ ನಮಗೆಲ್ಲ ಗೊತ್ತಿದೆ.

ನಾಲಿಗೆಯ ಮೇಲೆ ಹಿಡಿತ

ಈ ವರ್ಷ ಮನೆಯಲ್ಲಿ ಹೆಚ್ಚು ನೋಯಿಸುವುದು ಹೋಲಿಕೆ. ‘ಚಿಕ್ಕಪ್ಪನ ಮಗಳನ್ನು ನೋಡು’, ‘ನಿನಗಾಗಿ ಸಾಲ ಮಾಡಿದ್ದೇವೆ’, ‘ನಮ್ಮ ಮಾನ ನಿನ್ನ ಕೈಯಲ್ಲಿದೆ’ ಎಂಬ ಮಾತುಗಳನ್ನು ನಾವು ಪ್ರೀತಿಯಿಂದಲೇ ಆಡುತ್ತೇವೆ. ಮಗುವಿನ ಕಿವಿಗೆ ಅದು ಪ್ರೀತಿಯಾಗಿ ತಲುಪುವುದಿಲ್ಲ, ಸಾಲದ ಪತ್ರವಾಗಿ ತಲುಪುತ್ತದೆ. ಮನೆಗೆ ಬರುವ ನೆಂಟರು ‘ಎಷ್ಟು ಪರ್ಸೆಂಟ್ ತೆಗೀತೀಯಾ?’ ಎಂದು ಕೇಳುತ್ತಾರೆ. ಆಗ ಮಗುವಿನ ಪರವಾಗಿ ನೀವು ಉತ್ತರ ಕೊಡಿ: ‘ಓದ್ತಾ ಇದಾನೆ, ಅಷ್ಟು ಸಾಕು. ಕಾಫಿ ಕುಡೀರಿ.’ ತನ್ನ ಕಡೆ ನಿಂತ ತಂದೆಯನ್ನು ಮಗು ಆ ದಿನ ನೋಡುತ್ತದೆ.

ಇನ್ನು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಊಟ ಬಿಡುವುದು, ವಾರಗಟ್ಟಲೆ ನಿದ್ದೆ ಕೆಡುವುದು, ಗೆಳೆಯರನ್ನು ದೂರ ಮಾಡುವುದು, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು. ಇವು ಕಂಡರೆ ‘ನಾಟಕ’ ಎಂದು ಗದರಬೇಡಿ. ಕೆಲಸ ಬದಿಗಿಟ್ಟು ಹತ್ತಿರ ಕುಳಿತು ಕೇಳಿ. ತರಗತಿಯ ಮೇಷ್ಟ್ರಿಗೆ ತಿಳಿಸಿ. ವೈದ್ಯರ ಬಳಿ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಯೋಜನೆಯ ಪ್ರಧಾನ ಕೇಂದ್ರ. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರುಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ, ಗ್ಯಾಸಿನವರ ನಂಬರಿನ ಪಕ್ಕದಲ್ಲಿ ಬರೆದಿಡಿ.

ಫಲಿತಾಂಶದ ದಿನ

ಕೊನೆಯದಾಗಿ, ಬಾಗಿಲು ಮುಚ್ಚಿದ ಆ ಮನೆಯ ಬಗ್ಗೆ. 2025ರಲ್ಲಿ ನಮ್ಮ ರಾಜ್ಯದ ಒಂದು ಊರಿನಲ್ಲಿ ಆರೂ ವಿಷಯಗಳಲ್ಲಿ ಫೇಲಾದ ಹುಡುಗನಿಗೆ ಮನೆಯವರು ಕೇಕು ತಂದು ಕತ್ತರಿಸಿ, ಮತ್ತೆ ಬರೆಯಲು ಧೈರ್ಯ ಹೇಳಿದರು. ಅದು ದೊಡ್ಡ ಸುದ್ದಿಯಾಯಿತು. ಸೋಲಿಗೆ ಸಂಭ್ರಮವೇ ಎಂದು ನಕ್ಕವರೂ ಇದ್ದರು. ಎಲ್ಲರೂ ಕೇಕು ತರಬೇಕಾಗಿಲ್ಲ. ಆದರೆ ಆ ಮನೆ ಬಾಗಿಲು ಮುಚ್ಚಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಫೇಲಾದ ಮಗು ಮನೆಯಲ್ಲಿ ಎಲ್ಲರೊಂದಿಗೆ ಕುಳಿತು ಉಂಡಿತು. ಅಷ್ಟು ಮಾಡಲು ಯಾರಿಗೂ ಹಣ ಬೇಕಾಗಿಲ್ಲ.

ಆ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಇಬ್ಬರಲ್ಲಿ ಒಬ್ಬರಾದರೂ ಮನೆಯಲ್ಲಿರಿ. ಅಂಕ ನೋಡಿದ ಮೇಲೆ ಮೊದಲ ಮಾತು ‘ಊಟ ಮಾಡು’ ಎಂದಿರಲಿ, ಲೆಕ್ಕಾಚಾರ ಮರುದಿನಕ್ಕಿರಲಿ. ಮರುದಿನ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಅಂಕದ ಬಗ್ಗೆ ಅನುಮಾನವಿದ್ದರೆ ಉತ್ತರಪತ್ರಿಕೆಯ ಪ್ರತಿಗೂ ಮರುಮೌಲ್ಯಮಾಪನಕ್ಕೂ ಅರ್ಜಿ ಹಾಕಬಹುದು. ಮುಂದಿನ ಪರೀಕ್ಷೆಯ ಕೊನೆಯ ದಿನಾಂಕವನ್ನು ಶಾಲೆಯಲ್ಲಿ ಕೇಳಿಕೊಂಡು ಮಗುವನ್ನು ನೋಂದಾಯಿಸಬಹುದು. ಪಾಸಾದವರಿಗೆ ಪಿಯುಸಿಯೊಂದೇ ದಾರಿಯಲ್ಲ. ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ, ಐಟಿಐ ಇದೆ. ಐಟಿಐಯ ವೆಲ್ಡರ್‌ನಂಥ ಕೆಲವು ತರಬೇತಿಗಳಿಗೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು. ಶಾಲೆಗೆ ಮತ್ತೆ ಹೋಗಲಾಗದವರು 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೂ ಹತ್ತನೇ ತರಗತಿ ಮುಗಿಸಬಹುದು. ಈ ದಾರಿಗಳನ್ನು ಫಲಿತಾಂಶ ಬಂದ ಮೇಲೆ ಹುಡುಕಬೇಡಿ. ಈಗಲೇ, ಪರೀಕ್ಷೆಗೆ ಮೊದಲೇ, ಊಟದ ಹೊತ್ತಿನಲ್ಲಿ ಮಾತನಾಡಿ. ದಾರಿ ಒಂದಕ್ಕಿಂತ ಹೆಚ್ಚಿವೆ ಎಂದು ಗೊತ್ತಿರುವ ಮಗು ಪರೀಕ್ಷೆಯ ಕೋಣೆಯಲ್ಲಿ ಕಡಿಮೆ ನಡುಗುತ್ತದೆ.

ಪಾಠ ಹೇಳುವ ಕೆಲಸವನ್ನು ಇಲ್ಲಿ ಕುಳಿತಿರುವ ಮೇಷ್ಟ್ರುಗಳಿಗೆ ಬಿಡಿ. ಓದುವ ಕೆಲಸವನ್ನು ಮಗುವಿಗೆ ಬಿಡಿ. ಹೊತ್ತಿಗೆ ಊಟ, ತುಂಬಾ ನಿದ್ದೆ, ಹೇಳಿದ್ದನ್ನು ಕೇಳುವ ಕಿವಿ, ಮತ್ತು ಅಂಕ ಎಷ್ಟೇ ಬರಲಿ ತೆರೆದಿರುವ ಬಾಗಿಲು, ಇವಿಷ್ಟು ನಿಮ್ಮ ಪಾಲಿನವು.